ಮಟ್ಟಿಗೂ ಕಟ್ಟೆಗೂ ನಡುವೆ

ಗರಡಿಮನೆಯಲ್ಲಿ ಮಟ್ಟಿಯ, ಅಂದರೆ ಕುಸ್ತಿಯಾಡುವ ಮಣ್ಣಿನ ಅಂಕಣದ ಪಕ್ಕ ಕೂರಲು ಕಟ್ಟೆಯೊಂದು ಇದ್ದೇ ಇರುತ್ತದೆ. 45 ದಾಟಿದ ಪೈಲ್ವಾನರು ಒಂದು ದಿನ ಲಂಗೋಟ ಬಿಚ್ಚಿಟ್ಟು ಆ ಕಟ್ಟೆ ಹತ್ತುತ್ತಾರೆ, ಹುಡುಗರಿಗೆ ಪಟ್ಟು ಹೇಳಿಕೊಡುತ್ತಾರೆ, ಮತ್ತೆ ಕೆಳಗಿಳಿಯುವುದಿಲ್ಲ. ಸಾಮು (ವ್ಯಾಯಾಮ) ನಿಂತರೂ ಸಾಮಿನ ಕಾಲದ ಹಾಲು, ತುಪ್ಪ, ಬಾದಾಮಿ, ಮಾಂಸದ ಊಟ ನಿಲ್ಲುವುದಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಮುಂದೆ ಬಂದು, ಸಕ್ಕರೆ ಕಾಯಿಲೆ ಸೇರಿಕೊಂಡು, ಮಂಡಿ ಹಿಡಿದುಕೊಂಡಾಗ ‘ಪೈಲ್ವಾನರ ಮುಪ್ಪು ಯಾವಾಗಲೂ ಹೀಗೇ’ ಎಂದು ಊರು ಕುಸ್ತಿಯನ್ನು ದೂರುತ್ತದೆ. ನಮ್ಮ ದೂರು ಇರುವುದು ಕಟ್ಟೆಯ ಮೇಲೆ. ಮಟ್ಟಿಗೂ ಕಟ್ಟೆಗೂ ನಡುವೆ 50, 60, 70ರ ದೇಹ ಮಾಡಬಹುದಾದ ಸಾಮು ಬೇಕಾದಷ್ಟಿದೆ. ಯಾವುದನ್ನು ಬಿಡಬೇಕು, ಯಾವುದನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುದು ಗೊತ್ತಿರಬೇಕು, ಅಷ್ಟೆ.

ಮೊದಲು ಎಣಿಕೆಯ ಮಾತು. ಗರಡಿಯಲ್ಲಿ ಮರ್ಯಾದೆ ಎಣಿಕೆಗೆ. ಇಷ್ಟು ನೂರು ದಂಡ (ಕೈಯೂರಿ ಎದೆ ತಗ್ಗಿಸಿ ಏಳುವುದು), ಇಷ್ಟು ಸಾವಿರ ಬಸ್ಕಿ ಎಂಬ ಲೆಕ್ಕ ಪೈಲ್ವಾನನ ತಲೆಯಲ್ಲಿ ಕೊನೆವರೆಗೂ ಉಳಿದಿರುತ್ತದೆ. ಹದಿನೈದು ವರ್ಷ ಬಿಟ್ಟು ಮರಳಿ ಬಂದವರು ಮೊದಲ ದಿನವೇ 100 ದಂಡ ಹೊಡೆದುಬಿಡುವುದು ಈ ಹಳೇ ಲೆಕ್ಕದ ಜೋರಿಗೆ. ಸ್ನಾಯು ಅದಕ್ಕೆ ಹೇಗೋ ಒಪ್ಪಿಬಿಡುತ್ತದೆ. ಒಪ್ಪದಿರುವುದು ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು. ಅದಕ್ಕೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಗಟ್ಟಿಯಾಗುವುದೂ ನಿಧಾನ. ಸ್ನಾಯು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡರೆ ಇದಕ್ಕೆ ತಿಂಗಳುಗಳು ಬೇಕು. ಆದ್ದರಿಂದಲೇ ಭುಜ, ಮೊಣಕೈ, ಹಿಮ್ಮಡಿಯ ನೋವು ಮೊದಲ ವಾರದಲ್ಲಿ ಕಾಣದೆ, ‘ಎಲ್ಲಾ ಸರಿಹೋಯಿತು’ ಅನ್ನಿಸುವ ಮೂರನೇ ನಾಲ್ಕನೇ ವಾರದಲ್ಲಿ ಬರುತ್ತದೆ. ಮೊದಲ ಆರು ವಾರ, ನಿಮ್ಮಿಂದ ಎಷ್ಟಾಗುತ್ತದೋ ಅದರ ಅರ್ಧಕ್ಕೆ ನಿಲ್ಲಿಸಿ. ಆಮೇಲೂ ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ. ಮಾರನೆಯ ಬೆಳಿಗ್ಗೆ ಎದ್ದಾಗ ಕೀಲು ಹಿಂದಿನ ದಿನಕ್ಕಿಂತ ಹೆಚ್ಚು ಬಿಗಿದಿದ್ದರೆ ನಿನ್ನೆಯ ಸಾಮು ಜಾಸ್ತಿಯಾಯಿತು ಎಂದೇ ಅರ್ಥ. ವಾರಕ್ಕೆ ಮೂರು ದಿನ ಭಾರದ ಸಾಮು, ಎರಡು ದಿನ ಹಗುರ, ಎರಡು ದಿನ ಬರೀ ನಡಿಗೆ ಸಾಕು.

ಅಭ್ಯಾಸ ತಪ್ಪಿದವರು ಒಂದೇ ಸಲಕ್ಕೆ 300 ಬಸ್ಕಿ ಹೊಡೆದರೆ ಇನ್ನೊಂದು ಅಪಾಯವಿದೆ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ತೊಡೆ ಊದಿ, ಒಂದೆರಡು ದಿನದಲ್ಲಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕುತ್ತಾ ಮನೆಯಲ್ಲಿ ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ದಂಡವನ್ನು ಬಿಡುವ ಅಗತ್ಯವಿಲ್ಲ, ಊರುವ ಜಾಗ ಬದಲಿಸಬೇಕು. ಕಟ್ಟೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಎರಡೂ ಕೈಯನ್ನು ಕಟ್ಟೆಯ ಅಂಚಿಗೆ ಊರಿ, ಕಾಲು ಹಿಂದಕ್ಕಿಟ್ಟು ಶುರುಮಾಡಿ. 10ರಂತೆ ಮೂರು ಸುತ್ತು ಸಲೀಸಾಗಿ ಆದಮೇಲೆ ಕೈ ಊರುವ ಎತ್ತರವನ್ನು ಎರಡು ವಾರಕ್ಕೆ ಒಂದು ಇಟ್ಟಿಗೆಯಷ್ಟು ತಗ್ಗಿಸುತ್ತಾ ನೆಲಕ್ಕೆ ಬನ್ನಿ. ನೆಲದಲ್ಲಿ ಬರೀ ಅಂಗೈ ಊರಿದರೆ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗುತ್ತದೆ. ಎರಡು ಮರದ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಊರಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಎದೆ ನೆಲ ಸವರಿಕೊಂಡು ಮುಂದೆ ಹೋಗುವಾಗ ಮೊಣಕೈಗಳು ಹಕ್ಕಿಯ ರೆಕ್ಕೆಯಂತೆ ಅಗಲಿದರೆ ಭುಜದ ಮೇಲ್ಭಾಗದ ರಜ್ಜು ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಅವು ಪಕ್ಕೆಯ ಹತ್ತಿರವೇ ಇರಲಿ. ಮೇಲೆದ್ದು ಎದೆ ಎತ್ತುವಾಗ ಹೊಟ್ಟೆ ಜೋತುಬಿಟ್ಟರೆ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಪೃಷ್ಠ ಬಿಗಿಹಿಡಿದು, ಬೆನ್ನು ಚುಚ್ಚುವ ಮೊದಲೇ ನಿಲ್ಲಿಸಿ. ಉಸಿರು ಕಟ್ಟಿ ದಂಡ ಹೊಡೆಯುವ ಹಳೇ ಚಾಳಿಯನ್ನಂತೂ ಬಿಡಲೇಬೇಕು, ಆ ಹೊತ್ತಿನಲ್ಲಿ ರಕ್ತದೊತ್ತಡ ತಟ್ಟನೆ ಏರುತ್ತದೆ. ಮೇಲೇಳುವಾಗ ಉಸಿರು ಬಾಯಿಂದ ಹೊರಗೆ ಬರಲಿ. ಗ್ಲಾಕೋಮಾ ಇರುವವರಿಗೆ ತಲೆ ತಗ್ಗಿಸುವ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚುವುದರಿಂದ ಅವರು ಕಟ್ಟೆಯ ದಂಡದಲ್ಲೇ ಉಳಿಯುವುದು ಕ್ಷೇಮ.

ಬಸ್ಕಿಯಲ್ಲಿ ಕೆಡುವುದು ಆಳ ಮತ್ತು ಹಿಮ್ಮಡಿ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತಿ, ಮಂಡಿ ಮುಂದಕ್ಕೆ ಚಾಚಿ, ಪೂರ್ತಿ ಕೆಳಗೆ ಇಳಿಯುತ್ತೇವೆ. ಆಳಕ್ಕೆ ಇಳಿದಷ್ಟೂ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. 45 ಸೆಂ.ಮೀ. ಎತ್ತರದ ಸ್ಟೂಲು ಹಿಂದೆ ಇಟ್ಟುಕೊಂಡು, ಹಿಮ್ಮಡಿ ನೆಲ ಬಿಡದಂತೆ, ಮೂರು ಎಣಿಸುತ್ತಾ ಇಳಿದು, ಸ್ಟೂಲು ತಾಕಿದೊಡನೆ ಏಳಿ. ಅದು ಹಗುರವೆನಿಸಿದಾಗ 40ಕ್ಕೆ, ಆಮೇಲೆ 35ಕ್ಕೆ ತಗ್ಗಿಸಿ. ಮಂಡಿ ಲಟಲಟ ಅಂದರೆ ಹೆದರಬೇಕಿಲ್ಲ. ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ನೋವು ಬಂದರೆ ಆಳ ಕಡಿಮೆ ಮಾಡಿ. ಊತ ಬಂದರೆ ಇಳಿಯುವವರೆಗೂ ಬಸ್ಕಿ ಬೇಡ. ಕೊನೆಯ ಒಂದು ಸುತ್ತಿನಲ್ಲಿ ಐದಾರು ಸಲ ನಿಧಾನವಾಗಿ ಇಳಿದು ಚಕ್ಕನೆ ಏಳಿ. ವಯಸ್ಸಾದಂತೆ ಬಲಕ್ಕಿಂತ ಬೇಗ ಕುಂದುವುದು ವೇಗ. ರಸ್ತೆಯಲ್ಲಿ ಎಡವಿದಾಗ ಮುಂದಿನ ಹೆಜ್ಜೆಯನ್ನು ಸಮಯಕ್ಕೆ ಊರಿಸುವುದೂ ಆ ವೇಗವೇ.

ನಮ್ಮನ್ನು ಕೇಳಿದರೆ ಹಿರಿಯರಿಗೆ ಗರಡಿ ಕೊಟ್ಟಿರುವ ಅತಿ ದೊಡ್ಡ ಆಸ್ತಿ ಲೋಡು, ಅಂದರೆ ಹಿಡಿಯಿರುವ, ಕೈಯಲ್ಲಿ ಬೀಸಿ ತಿರುಗಿಸುವ ಮರದ ದಿಮ್ಮಿ. ಭುಜ, ಬೆನ್ನು, ಹಿಡಿತ ಮೂರನ್ನೂ ಒಟ್ಟಿಗೆ ದುಡಿಸುತ್ತದೆ, ಮಂಡಿಗೆ ಏನೂ ಕೇಳುವುದಿಲ್ಲ. ಆದರೆ ಗರಡಿಯ ಮೂಲೆಯಲ್ಲಿ ನಿಂತಿರುವ ಲೋಡುಗಳು ಇಪ್ಪತ್ತರ ಹುಡುಗರಿಗೆಂದು ಮಾಡಿದ ಐದಾರು ಕೆ.ಜಿ.ಯವು, ಕೆಲವು ಅದಕ್ಕೂ ಭಾರ. ಬಡಗಿಯ ಹತ್ತಿರ 60 ಸೆಂ.ಮೀ. ಉದ್ದದ, ಒಂದೊಂದೂ ಒಂದೂವರೆ ಕೆ.ಜಿ. ತೂಗುವ ಜೋಡಿಯೊಂದನ್ನು ಕಡೆಸಿಕೊಳ್ಳಿ. ಹಿಡಿಗೆ ಪಾಲಿಶ್ ಬೇಡ, ಬೆವರಿದ ಕೈಯಿಂದ ಜಾರುತ್ತದೆ.

ತಿರುಗಿಸುವ ಮೊದಲು ಒಂದು ಪರೀಕ್ಷೆ. ಗೋಡೆಗೆ ಬೆನ್ನು ಒರಗಿಸಿ ನಿಂತು ಎರಡೂ ತೋಳನ್ನು ನೆಟ್ಟಗೆ ಮೇಲೆತ್ತಿ, ಸೊಂಟ ಗೋಡೆಯಿಂದ ಬಿಲ್ಲಿನಂತೆ ಬಾಗದೆ ಹೆಬ್ಬೆರಳು ಗೋಡೆ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಕೆಲವು ವಾರ ಗೋಡೆಯ ಮೇಲೆ ಬೆರಳು ಹತ್ತಿಸುವ ಅಭ್ಯಾಸವೇ ನಿಮ್ಮ ಲೋಡು. ಸಕ್ಕರೆ ಕಾಯಿಲೆಯವರಲ್ಲಿ ಭುಜ ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಚ್ಚು, ಅಂಥ ಭುಜದಿಂದ ಬಲವಂತವಾಗಿ ಲೋಡು ತಿರುಗಿಸಿದರೆ ನೋವು ಇನ್ನಷ್ಟು ಬೆಳೆಯುತ್ತದೆ.

ಪರೀಕ್ಷೆ ದಾಟಿದವರು ಕಾಲನ್ನು ಭುಜದಗಲಕ್ಕೆ ಇಟ್ಟು, ಮಂಡಿ ಸಡಿಲ ಬಿಟ್ಟು, ಲೋಡುಗಳನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ನಿಲ್ಲಬೇಕು. ಬಲಗೈಯ ಲೋಡು ಎಡಭುಜದ ಮೇಲಿಂದ ಹಿಂದಕ್ಕೆ ಇಳಿದು, ಬೆನ್ನ ಹಿಂದೆ ಗಡಿಯಾರದ ಲೋಲಕದಂತೆ ತೂಗಿ, ಬಲಭುಜದ ಮೇಲಿಂದ ಮುಂದಕ್ಕೆ ಬರುತ್ತದೆ. ಅದು ಬಂದು ನಿಂತಮೇಲೆ ಎಡಗೈಯದು. ಲೋಡು ಬೆನ್ನ ಹಿಂದಿರುವಾಗ ಮೊಣಕೈ ಕಿವಿಯ ಪಕ್ಕದಲ್ಲಿ ಆಕಾಶ ನೋಡುತ್ತಿರಬೇಕು. ಮೊಣಕೈ ಪಕ್ಕಕ್ಕೆ ಜಾರಿತೆಂದರೆ ಲೋಡು ಬೆನ್ನಿನಿಂದ ದೂರ ಹಾರುತ್ತದೆ, ಅದನ್ನು ಎಳೆದು ತರುವ ಕೆಲಸ ಮಣಿಕಟ್ಟಿಗೆ ಬೀಳುತ್ತದೆ. ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಗುವುದು ಹೀಗೆ. ಲೋಡು ತನ್ನ ಭಾರಕ್ಕೆ ತಾನೇ ತೂಗಲಿ, ಕೈ ದಾರಿ ತೋರಿಸಿದರೆ ಸಾಕು. ಎರಡೂ ಕೈ ಸೇರಿ 20 ಸುತ್ತು, ಒಂದು ನಿಮಿಷ ವಿರಾಮ, ಹೀಗೆ ಮೂರು ಸಲ. ಮೂರು ತಿಂಗಳು ನೋವಿಲ್ಲದೆ ನಡೆದರೆ ಎರಡು ಕೆ.ಜಿ.ಯ ಜೋಡಿಗೆ ಹೋಗಬಹುದು. ಹಿಡಿಯ ಬುಡದಲ್ಲಿ ಬಿರುಕಿದೆಯೇ ಎಂದು ಪ್ರತಿ ಸಲ ನೋಡಿ, ಮೇಲೆ ಫ್ಯಾನು ಇಲ್ಲದ ಜಾಗದಲ್ಲಿ ನಿಲ್ಲಿ.

ಗದೆಯದೂ ಇದೇ ದಾರಿ. ಅದರ ಭಾರ ಗುಂಡಿನಲ್ಲಿ ಎಷ್ಟಿದೆಯೋ ಕೋಲಿನ ಉದ್ದದಲ್ಲೂ ಅಷ್ಟೇ ಇದೆ. ಮೂರು ಕೆ.ಜಿ. ಗದೆ ಭಾರವೆನಿಸಿದರೆ ಗುಂಡು ಬದಲಿಸಬೇಕಿಲ್ಲ, ಕೋಲನ್ನು ಒಂದು ಗೇಣು ಮೇಲಕ್ಕೆ ಹಿಡಿಯಿರಿ.

ಪೂರ್ತಿ ಬಿಡಬೇಕಾದದ್ದು ನೆತ್ತಿ ನೆಲಕ್ಕೂರಿ ದೇಹವನ್ನು ಕಮಾನಿನಂತೆ ಎತ್ತುವ ಕತ್ತಿನ ಸಾಮು. ಕತ್ತಿನ ಮೂಳೆಗಳ ಸವೆತ 50 ದಾಟಿದ ಬಹುಪಾಲು ಜನರಲ್ಲಿ ಇರುತ್ತದೆ, ನೋವಿಲ್ಲದವರಲ್ಲೂ. ಅಂಗೈಯನ್ನು ಹಣೆಗೆ, ಹಿಂದಲೆಗೆ, ಎರಡು ಪಕ್ಕಕ್ಕೆ ಒತ್ತಿ, ತಲೆ ಅಲುಗದಂತೆ ಐದು ಎಣಿಸುವಷ್ಟು ಹೊತ್ತು ತಡೆಯಿರಿ. ದಿಕ್ಕಿಗೆ ಐದು ಸಲ ಮಾಡಿದರೆ ಕತ್ತು ಗಟ್ಟಿಯಾಗಿ ಉಳಿಯುತ್ತದೆ.

ಮಟ್ಟಿ ಅಗೆಯುವ ಕೆಲಸವನ್ನು ಹಿರಿಯರಿಂದ ಕಿತ್ತುಕೊಳ್ಳಬೇಡಿ. ಗುದ್ದಲಿ ಹಿಡಿದು ಕೆಮ್ಮಣ್ಣು ಮಗುಚುವುದಕ್ಕಿಂತ ಒಳ್ಳೆಯ ಸಾಮು ಅಪರೂಪ. ಆದರೆ ಬೆಳಗಿನ 5 ಗಂಟೆಗೆ ಹಾಸಿಗೆಯಿಂದ ಎದ್ದವರು ನೇರವಾಗಿ ಬಗ್ಗಿ ಅಗೆಯಬಾರದು. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಲೋಡು, ನಡಿಗೆ ಮೊದಲು, ಮಟ್ಟಿ ಕೊನೆಗೆ. ಮಣ್ಣು ಒಣಗಿದ್ದರೆ ಹಿಂದಿನ ಸಂಜೆಯೇ ನೀರು ಚಿಮುಕಿಸಿಡಿ. ಅಂಗೈ ಒತ್ತಿದರೆ ಹೂತುಹೋಗುವಷ್ಟು ಸಡಿಲವಾಗಿರದ ಮಟ್ಟಿಯ ಮೇಲೆ 50 ದಾಟಿದವರು ಬೀಳಬಾರದು.

ಜೋಡಿಯ (ಎದುರು ನಿಲ್ಲುವ ಜೊತೆಗಾರನ) ಜೊತೆ ಕುಸ್ತಿ ಹಿಡಿಯುವುದಾದರೆ ಮಂಡಿಯೂರಿದ ಸ್ಥಿತಿಯಿಂದ ಶುರುಮಾಡಿ. ಬೀಳುವ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಭುಜದ ಮೇಲಿಂದ ಎಸೆಯುವ ಧೋಬಿ, ಹೆಗಲ ಮೇಲೆ ಹೊತ್ತು ಕೆಡಹುವ ಕಲಾಜಂಗ್ ಇವೆರಡನ್ನೂ ಹಾಕಲೂ ಬೇಡಿ, ಹಾಕಿಸಿಕೊಳ್ಳಲೂ ಬೇಡಿ. ಗೆಲ್ಲಲೇಬೇಕೆನ್ನುವ 22ರ ಹುಡುಗನಿಗಿಂತ, ಪಟ್ಟು ಬಿಗಿಯಾದಾಗ ಕೈ ತಟ್ಟಿದರೆ ತಕ್ಷಣ ಬಿಡುವ ಜೋಡಿ ಮುಖ್ಯ. ಬೀಳುವುದನ್ನೂ ಹೊಸದಾಗಿ ಅಭ್ಯಾಸ ಮಾಡಬೇಕು. ಮೊದಲು ಕೂತಲ್ಲಿಂದ, ಆಮೇಲೆ ಕುಕ್ಕರಗಾಲಿನಿಂದ, ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಗುಂಡಗೆ ಮಾಡಿ ಉರುಳಿ. ಕೈ ಚಾಚಿ ನೆಲಕ್ಕೆ ಊರಿದವರ ಮಣಿಕಟ್ಟೇ ಮೊದಲು ಮುರಿಯುವುದು.

ಈ ವಿಷಯದಲ್ಲಿ ಜೂಡೋ ನಮಗಿಂತ ಮುಂದಿದೆ. 1882ರಲ್ಲಿ ಜೂಡೋ ಶುರುಮಾಡಿದ ಜಿಗೊರೊ ಕಾನೊ ‘ಜೂ ನೋ ಕಾತಾ’ ಎಂಬ ಕ್ರಮವೊಂದನ್ನು ರೂಪಿಸಿದರು. ಅದರಲ್ಲಿ ಹಿಡಿತವಿದೆ, ತಪ್ಪಿಸಿಕೊಳ್ಳುವುದಿದೆ, ಎದುರಾಳಿಯನ್ನು ಎತ್ತುವುದೂ ಇದೆ, ಆದರೆ ಯಾರನ್ನೂ ಕೆಡಹುವುದಿಲ್ಲ. ಕಾನೊ ಅವರ ಶಿಷ್ಯೆ ಕೇಕೊ ಫುಕುಡಾ (1913–2013) ಅದರಲ್ಲಿ ಪಳಗಿದವರು, ತೊಂಬತ್ತು ದಾಟಿದ ಮೇಲೂ ಜೂಡೋ ಕಲಿಸುತ್ತಿದ್ದರು. ಪಕ್ಕದ ಕೇರಳದ ವಡಗರದಲ್ಲಿ ಕಳರಿ ಯುದ್ಧಕಲೆ ಕಲಿಸುವ ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಕತ್ತಿ ಗುರಾಣಿ ಕೆಳಗಿಟ್ಟಿರಲಿಲ್ಲ. ನಮ್ಮ ಗರಡಿಗಳಲ್ಲೂ ಹಿರಿಯರಿಗೆಂದೇ ಐದಾರು ಪಟ್ಟುಗಳ ಒಂದು ಕ್ರಮ ಕಟ್ಟಿಕೊಳ್ಳಬೇಕು. ಪಟ್ಟು ಹಾಕಿ, ತೂಕ ಕದಲಿದ್ದು ಕೈಗೆ ತಿಳಿದ ಕ್ಷಣದಲ್ಲಿ ನಿಲ್ಲಿಸಿ, ಜೋಡಿಯನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವುದು. ಪಟ್ಟಿನ ಜ್ಞಾನ ಇರುವುದೇ ಆ ಕ್ಷಣದವರೆಗೆ, ಆಮೇಲಿನದು ಬರೀ ಭಾರ.

ಇನ್ನು ಮಾತ್ರೆಗಳ ವಿಚಾರ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಹೆಚ್ಚು ಏರುವುದಿಲ್ಲ. ಅವರು ನಾಡಿ ಎಣಿಸುವ ಬದಲು, ಸಾಮಿನ ನಡುವೆ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲುತ್ತದೆಯೇ ಎಂದು ನೋಡಿಕೊಳ್ಳಬೇಕು. ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರು ಜೋಡಿಯ ಜೊತೆ ಕುಸ್ತಿ ಹಿಡಿಯಬಾರದು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗಳಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಸಂಭವವಿದೆ. 60 ದಾಟಿದವರಲ್ಲಿ, ಜೊತೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಜ್ವರ ಬಿಟ್ಟಿತೆಂದು ಮಾರನೆಯ ದಿನವೇ ಬಸ್ಕಿಗೆ ಇಳಿಯದೆ, ಯಾವಾಗ ಶುರುಮಾಡಬಹುದೆಂದು ಡಾಕ್ಟರನ್ನು ಕೇಳಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮೇಲಿರುವವರು ಖಾಲಿ ಹೊಟ್ಟೆಯಲ್ಲಿ ಬರಬಾರದು, ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಶುರುಮಾಡಲಿ. ಪಾದದ ಸ್ಪರ್ಶ ಕುಂದಿರುವವರು ಸಾಮು ಮುಗಿದ ಮೇಲೆ ಅಂಗಾಲಿಗೆ ಕನ್ನಡಿ ಹಿಡಿದು ಗಾಯ ಇದೆಯೇ ನೋಡಿಕೊಳ್ಳಬೇಕು. ಮಣ್ಣಿನಲ್ಲಿ ಅರಿಶಿನ, ಬೇವು, ಮಜ್ಜಿಗೆ ಏನೇ ಬೆರೆಸಿದ್ದರೂ ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಆಗಲೇಬೇಕು. ಲಂಗೋಟ ಬಿಗಿದರೆ ಹರ್ನಿಯಾ ಬರುವುದಿಲ್ಲ ಎಂಬ ನಂಬಿಕೆಯೂ ಸುಳ್ಳು. ತೊಡೆಸಂದಿಯಲ್ಲಿ ಕೆಮ್ಮಿದಾಗ ಉಬ್ಬು ಕಂಡರೆ ಕಲ್ಲು ಗುಂಡು ಎತ್ತುವುದನ್ನು ನಿಲ್ಲಿಸಿ ತೋರಿಸಿಕೊಳ್ಳಿ.

ಊಟದಲ್ಲಿ ತುಪ್ಪ, ಬಾದಾಮಿಯ ಪಾಲು ತಗ್ಗಬೇಕು, ಪ್ರೋಟೀನ್ ತಗ್ಗಬಾರದು. ಮೂತ್ರಪಿಂಡ ಸರಿಯಿರುವವರಿಗೆ ದೇಹದ ತೂಕದ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 65 ಕೆ.ಜಿ. ಇರುವವರಿಗೆ 65ರಿಂದ 78 ಗ್ರಾಂ ಆಯಿತು. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ, ಪ್ರತಿಯೊಂದರಲ್ಲೂ ಸಿಗುವುದು ಸುಮಾರು ಆರೇಳು ಗ್ರಾಂ. ಮುದ್ದೆ, ತಿಳಿಸಾರು ಉಂಡು ಆ ಲೆಕ್ಕ ತುಂಬುವುದಿಲ್ಲ. ಬೇಳೆ, ಕಾಳು ಗಟ್ಟಿಯಾಗಿರಬೇಕು, ಮೂರು ಹೊತ್ತಿಗೂ ಹಂಚಿಹೋಗಬೇಕು.

ಹಳೇ ಗರಡಿಗಳ ಬಾಗಿಲು ತಗ್ಗು, ಒಳಗೆ ಮೆಟ್ಟಿಲು ಇಳಿಯಬೇಕು, ಬೆಳಕು ಕಡಿಮೆ. ವಯಸ್ಸಾದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಮೆಟ್ಟಿಲಿನ ಅಂಚಿಗೆ ಸುಣ್ಣದ ಗೆರೆ ಬಳಿದು, ಬಾಗಿಲ ಒಳಗೊಂದು ಬಲ್ಬು ಹಾಕಿಸಿ. ಸಾಮು ಮುಗಿದೊಡನೆ ಬಿಸಿನೀರಿಗೆ ಓಡಬೇಡಿ, ಹಿಗ್ಗಿದ ರಕ್ತನಾಳಗಳು ಬಿಸಿಗೆ ಇನ್ನೂ ಹಿಗ್ಗಿ, ರಕ್ತದೊತ್ತಡ ಕುಸಿದು ಬಚ್ಚಲಲ್ಲೇ ತಲೆ ಸುತ್ತೀತು. ಐದು ನಿಮಿಷ ಅಡ್ಡಾಡಿ, ಹತ್ತು ನಿಮಿಷ ಕಟ್ಟೆಯ ಮೇಲೆ ಕೂತು, ಬೆವರು ಆರಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆಯಿರಿ.