ತಿಂಗಳಿಗೆ ಎಷ್ಟು ಅಂತ ಗುರಿ ಇಟ್ಟುಕೊಳ್ಳಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವಾರಕ್ಕೆ ಒಂದೆರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. "ನಾನೂ ಸ್ವಂತವಾಗಿ ಕಂಟೆಂಟ್ ಮಾಡ್ತೀನಿ. ಇನ್ನೂ ಜಾಸ್ತಿ ಮಾಡಬೇಕು ಅಂತ ಆಸೆ, ಆದರೆ ಆಗ್ತಾ ಇಲ್ಲ. ಗುರಿ ಹೇಗೆ ಇಟ್ಕೊಳ್ಳಲಿ? ತಿಂಗಳಿಗೆ ಎಷ್ಟು ಅಂತ ಇಟ್ಕೊಳ್ಳಲಿ?" ಕೇಳುವವರಲ್ಲಿ ಬರೆಯುವವರಿದ್ದಾರೆ, ಪಾಡ್‌ಕಾಸ್ಟ್ ಮಾಡುವವರಿದ್ದಾರೆ, ಚಿತ್ರ ಬಿಡಿಸುವವರಿದ್ದಾರೆ. ನಾನು ಆಕಾಶದ ಬಗ್ಗೆ ವಿಡಿಯೊ ಮಾಡುತ್ತೇನೆ. ಓದುವುದು, ಬರೆಯುವುದು, ರೆಕಾರ್ಡಿಂಗ್, ಎಡಿಟಿಂಗ್ ಎಲ್ಲವೂ ನಾನೊಬ್ಬಳೇ. ಹಗಲು ಬೇರೆ ಕೆಲಸ ಇದೆ. ಹಾಗಾಗಿ ಕೇಳುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಎಷ್ಟು ಅಂತ ನಾನು ಹೇಳುವುದಿಲ್ಲ. ಒಂದು ಕೆಲಸ ಮುಗಿಸಲು ನಿಮಗೆ ನಿಜವಾಗಿ ಎಷ್ಟು ಗಂಟೆ ಬೇಕು, ನಿಮ್ಮ ಹತ್ತಿರ ನಿಜವಾಗಿ ಎಷ್ಟು ಗಂಟೆ ಇದೆ ಅನ್ನೋದು ಗೊತ್ತಾಗುವ ತನಕ ಗುರಿ ಇಡಬೇಡಿ ಅಂತ ಮಾತ್ರ ಹೇಳುತ್ತೇನೆ. ಇದು ನನಗೆ ಗೊತ್ತಾಗಿದ್ದು ತುಂಬ ತಡವಾಗಿ.

ಕೆಲವು ವರ್ಷಗಳ ಹಿಂದೆ, ಜನವರಿ ಒಂದನೇ ತಾರೀಖು, ವಾರಕ್ಕೊಂದು ವಿಡಿಯೊ ಅಂತ ಘೋಷಣೆ ಮಾಡಿದೆ. ವರ್ಷಕ್ಕೆ 52. ಗೋಡೆ ಮೇಲೆ ಬರೆದು ಅಂಟಿಸಿದ್ದೂ ಆಯಿತು. ಮೊದಲ ಒಂಬತ್ತು ವಾರ ನಡೆಯಿತು. ರಾತ್ರಿ ಒಂದು ಗಂಟೆ, ಎರಡು ಗಂಟೆವರೆಗೆ ಎಡಿಟಿಂಗ್ ಮಾಡುತ್ತಿದ್ದೆ. ಹತ್ತನೇ ವಾರ ಜ್ವರ ಬಂತು, ಒಂದು ವಿಡಿಯೊ ತಪ್ಪಿತು. ಹನ್ನೊಂದನೇ ವಾರ ಎರಡು ಮಾಡಿ ಸರಿ ಮಾಡೋಣ ಅಂದುಕೊಂಡೆ. ಒಂದೂ ಆಗಲಿಲ್ಲ. ಅಲ್ಲಿಂದ ಮುಂದೆ ಐದು ತಿಂಗಳು ಚಾನೆಲ್ ತೆರೆದು ನೋಡುವುದಕ್ಕೂ ಮನಸ್ಸು ಬರಲಿಲ್ಲ. ನನ್ನಲ್ಲಿ ಶಿಸ್ತಿಲ್ಲ, ಬರೀ ಆರಂಭಶೂರತನ ಅಂತ ನನ್ನನ್ನೇ ಬೈದುಕೊಂಡು ದಿನ ಕಳೆದೆ. ಇದನ್ನು ಓದುತ್ತಿರುವ ಎಷ್ಟೋ ಜನ ಈಗ ಅದೇ ಜಾಗದಲ್ಲಿ ಇರಬಹುದು. ಅವರಿಗಾಗಿಯೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮತ್ತೆ ಶುರು ಮಾಡಿದಾಗ ಗುರಿ ಗಿರಿ ಏನೂ ಇಟ್ಟುಕೊಳ್ಳಲಿಲ್ಲ. ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡೆ, ಅಷ್ಟೇ. ಕೂತ ಹೊತ್ತು, ಎದ್ದ ಹೊತ್ತು, ಮಾಡಿದ ಕೆಲಸ, ಮೂರನ್ನೇ ಬರೆದೆ. ಮೊದಲ ವಿಡಿಯೊ ಮುಗಿದಾಗ ಹಾಳೆಯಲ್ಲಿ ಹೀಗಿತ್ತು: ಓದಿದ್ದು 5 ಗಂಟೆ, ಸ್ಕ್ರಿಪ್ಟ್ 7 ಗಂಟೆ, ರೆಕಾರ್ಡಿಂಗ್ ಒಂದೂವರೆ, ಎಡಿಟಿಂಗ್ 4, ಥಂಬ್‌ನೇಲ್ ಮತ್ತು ಶೀರ್ಷಿಕೆಗೆ ಒಂದೂವರೆ. ಒಟ್ಟು 19 ಗಂಟೆ. ಎಂಟು ನಿಮಿಷದ ವಿಡಿಯೊಗೆ!

ಆ ತಿಂಗಳು ವಾರಕ್ಕೆ ನನಗೆ ಸಿಕ್ಕ ಬಿಡುವಿನ ಸಮಯ ಸುಮಾರು ಎಂಟು ಗಂಟೆ.

ಆ ಎರಡು ಸಂಖ್ಯೆ ಪಕ್ಕಪಕ್ಕ ನೋಡಿದ ಸಂಜೆ ನನಗೆ ದೊಡ್ಡ ಭಾರ ಇಳಿದಂತಾಯಿತು. ಎಂಟು ಗಂಟೆಯಲ್ಲಿ ಹತ್ತೊಂಬತ್ತು ಗಂಟೆಯ ಕೆಲಸ ಮಾಡಲು ಹೊರಟಿದ್ದೆ. ಒಂಬತ್ತು ವಾರ ನಡೆದದ್ದೇ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನನ್ನ ಹಾಸಿಗೆ ಎಷ್ಟು ಉದ್ದ ಅಂತ ನಾನು ಅಳೆದೇ ಇರಲಿಲ್ಲ.

ಹಾಳೆ ಇನ್ನೊಂದನ್ನೂ ತೋರಿಸಿತು. ನನ್ನನ್ನು ತಿನ್ನುತ್ತಿರುವುದು ಎಡಿಟಿಂಗ್ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಹೊಸ ಸಾಫ್ಟ್‌ವೇರ್ ಕೂಡ ಹುಡುಕುತ್ತಿದ್ದೆ. ನಿಜವಾಗಿ ಸಮಯ ಹೋಗುತ್ತಿದ್ದುದು ಸ್ಕ್ರಿಪ್ಟ್‌ಗೆ. ಅದರಲ್ಲೂ ಮೊದಲ ಅರ್ಧ ಪುಟಕ್ಕೆ. ಖಾಲಿ ಪುಟ ನೋಡುತ್ತ ಕೂರುವುದು, ಎರಡು ಸಾಲು ಬರೆದು ಅಳಿಸುವುದು, ಮತ್ತೆ ಓದಲು ಹೋಗುವುದು. ಅರ್ಧ ಪುಟ ದಾಟಿದ ಮೇಲೆ ಉಳಿದದ್ದು ಸರಾಗ. ಹಾಗಿದ್ದ ಮೇಲೆ ಗುರಿಯನ್ನೂ ಅಲ್ಲೇ ಇಡಬೇಕು ಅಲ್ವಾ? "ತಿಂಗಳಿಗೆ ನಾಲ್ಕು ವಿಡಿಯೊ" ಅನ್ನುವ ಗುರಿ ಮಂಗಳವಾರ ರಾತ್ರಿ ಎಂಟು ಗಂಟೆಗೆ ನಾನು ಏನು ಮಾಡಬೇಕು ಅಂತ ಹೇಳುವುದಿಲ್ಲ. "ಇವತ್ತು ಮುಂದಿನ ಸ್ಕ್ರಿಪ್ಟ್‌ನ ಮೊದಲ ಮೂರು ವಾಕ್ಯ" ಅನ್ನುವುದು ಹೇಳುತ್ತದೆ.

ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಃಶಾಸ್ತ್ರಜ್ಞರು 1990ರ ದಶಕದಿಂದ ಇದನ್ನೇ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಬರೀ "ಇದನ್ನು ಮಾಡುತ್ತೇನೆ" ಅಂದುಕೊಳ್ಳುವವರಿಗಿಂತ "ಇಂಥ ಹೊತ್ತು ಬಂದಾಗ, ಇಂಥ ಕಡೆ, ಇದನ್ನು ಮಾಡುತ್ತೇನೆ" ಅಂತ ಮೊದಲೇ ಗಂಟು ಹಾಕಿಟ್ಟುಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ನನ್ನ ಗಂಟು ಇದು: ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿಗೆ ಕೂತು ಮೂರು ವಾಕ್ಯ. ಚೆನ್ನಾಗಿರಬೇಕು ಅಂತೇನಿಲ್ಲ. ಫೋನ್ ಬೇರೆ ಕೋಣೆಯಲ್ಲಿ. ಎಷ್ಟೋ ರಾತ್ರಿ ಮೂರು ವಾಕ್ಯ ಹತ್ತಾಗುತ್ತದೆ. ಆಗದಿದ್ದರೂ ಬೆಳಿಗ್ಗೆ ಪುಟ ಖಾಲಿ ಇರುವುದಿಲ್ಲ.

ಇನ್ನು ಸಂಖ್ಯೆಗಳ ವಿಷಯ. ಕೇಳುವವರಲ್ಲಿ ಹೆಚ್ಚಿನವರು ಮೊದಲು ಹೇಳುವ ಗುರಿ "1,000 ಸಬ್‌ಸ್ಕ್ರೈಬರ್, 4,000 ಗಂಟೆ ವಾಚ್ ಟೈಮ್". ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಇರುವ ಷರತ್ತು ಅದು, 2018ರಲ್ಲಿ ಬಂದದ್ದು. 4,000 ಗಂಟೆ ಅಂದರೆ ಎಷ್ಟು ಅಂತ ಒಮ್ಮೆ ಬಿಡಿಸಿ ನೋಡಿ. 2,40,000 ನಿಮಿಷ. ಒಬ್ಬರು ನಿಮ್ಮ ವಿಡಿಯೊವನ್ನು ಸರಾಸರಿ ನಾಲ್ಕು ನಿಮಿಷ ನೋಡಿದರೆ 60,000 ವ್ಯೂಸ್ ಬೇಕು, ಅದೂ ಹಿಂದಿನ ಹನ್ನೆರಡು ತಿಂಗಳೊಳಗೆ. ನಾಳೆ ಬೆಳಿಗ್ಗೆ ಎದ್ದು ಆ 60,000ದಲ್ಲಿ ಒಂದನ್ನಾದರೂ ನೀವು ತರಲು ಸಾಧ್ಯವಾ? ನೋಡುವವರು ನೋಡಬೇಕು.

2023ರಲ್ಲಿ ಯೂಟ್ಯೂಬ್‌ನವರು ಇನ್ನೊಂದು ಕೆಳಗಿನ ಮೆಟ್ಟಿಲು ತಂದರು. ಅದರಲ್ಲಿ ಜಾಹೀರಾತಿನ ಹಣ ಇಲ್ಲ, ಮೆಂಬರ್‌ಶಿಪ್‌ನಂಥ ಸೌಲಭ್ಯ ಮಾತ್ರ. ಷರತ್ತು: 500 ಸಬ್‌ಸ್ಕ್ರೈಬರ್, ವರ್ಷದಲ್ಲಿ 3,000 ಗಂಟೆ ಇಲ್ಲವೇ 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂಸ್, ಜೊತೆಗೆ 90 ದಿನದಲ್ಲಿ ಕನಿಷ್ಠ ಮೂರು ಅಪ್‌ಲೋಡ್. ಈ ಪಟ್ಟಿಯಲ್ಲಿ ನಮ್ಮ ಕೈಯಲ್ಲಿರುವುದು ಕೊನೆಯದೊಂದೇ. ನನ್ನ ಹಾಳೆಗೆ ಹೋಗುವುದೂ ಅಂಥದ್ದು ಮಾತ್ರ. ಸಬ್‌ಸ್ಕ್ರೈಬರ್ ಎಣಿಕೆ ನೋಡಬೇಡಿ ಅಂತಲ್ಲ. ನಾನೂ ತಿಂಗಳಿಗೊಮ್ಮೆ ನೋಡುತ್ತೇನೆ, ಯಾವ ವಿಷಯ ಜನರಿಗೆ ಹಿಡಿಸಿತು ಅಂತ ತಿಳಿಯಲು ಅದು ಬೇಕೇ ಬೇಕು. ಆದರೆ ಇವತ್ತಿನ ದಿನ ಚೆನ್ನಾಗಿ ಹೋಯಿತಾ ಇಲ್ಲವಾ ಅನ್ನುವುದನ್ನು ಆ ಎಣಿಕೆ ತೀರ್ಮಾನಿಸಬಾರದು.

ಹೆಚ್ಚು ಕಂಟೆಂಟ್ ಹೇಗೆ ಬರುತ್ತದೆ ಅನ್ನುವುದಕ್ಕೆ ನನ್ನ ಅನುಭವದ ಉತ್ತರ: ವಿಷಯ ಚಿಕ್ಕದಾಗಬೇಕು. ಮೊದಲು ನಾನು "ಚಂದ್ರ" ಅಂತ ಒಂದು ವಿಡಿಯೊ ಮಾಡಲು ಹೊರಡುತ್ತಿದ್ದೆ. ಅದು ಮುಗಿಯುವ ಮಾತೇ ಅಲ್ಲ. ಈಗ "ಹುಟ್ಟುವ ಚಂದ್ರ ಯಾಕೆ ಅಷ್ಟು ದೊಡ್ಡದಾಗಿ ಕಾಣುತ್ತಾನೆ?" ಅಂತ ಒಂದೇ ಪ್ರಶ್ನೆ. ಅದಕ್ಕೆ ಓದಿದ್ದು ಮೂರು ಗಂಟೆ. ಆಕಾಶದಲ್ಲಿ ಎಲ್ಲೇ ಇದ್ದರೂ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದರೆ ಬೆರಳಿನ ಅಗಲ ಸುಮಾರು ಒಂದು ಡಿಗ್ರಿ. ಅಂದರೆ ಎಷ್ಟೇ ದೊಡ್ಡದಾಗಿ ಕಾಣುವ ಚಂದ್ರನೂ ಕಿರುಬೆರಳಿನ ಹಿಂದೆ ಮುಚ್ಚಿಹೋಗುತ್ತಾನೆ. ಹುಟ್ಟುವಾಗ, ಎರಡು ಗಂಟೆ ಬಿಟ್ಟು ಮೇಲೆ ಬಂದಾಗ, ಎರಡು ಸಲ ಹಿಡಿದು ನೋಡಿ. ದೊಡ್ಡದು ಮಾಡುವುದು ನಮ್ಮ ಮೆದುಳು. ನಿಜ ಹೇಳಬೇಕೆಂದರೆ ದಿಗಂತದಲ್ಲಿರುವ ಚಂದ್ರ ನೆತ್ತಿಯ ಮೇಲಿನವನಿಗಿಂತ ನಮ್ಮಿಂದ ಸ್ವಲ್ಪ ದೂರವೇ ಇರುತ್ತಾನೆ, ಒಂದು ಕೂದಲೆಳೆಯಷ್ಟು ಚಿಕ್ಕವನು ಕೂಡ.

ಆ ಮೂರು ಗಂಟೆಯ ಓದಿನಿಂದ ಆರು ನಿಮಿಷದ ಒಂದು ವಿಡಿಯೊ ಆಯಿತು. ಕಿರುಬೆರಳಿನ ಪ್ರಯೋಗ ಮಾತ್ರ ಇರುವ 40 ಸೆಕೆಂಡಿನ ಶಾರ್ಟ್ ಆಯಿತು. ದೂರದ ಲೆಕ್ಕ ಬಿಡಿಸಿದ ಒಂದು ಬರಹ ಆಯಿತು. ಓದು ಒಂದು, ಕಂಟೆಂಟ್ ಮೂರು. ವಿಷಯ ಚಿಕ್ಕದಾದ ಮೇಲೆ ನನ್ನ 19 ಗಂಟೆ ಇಳಿದು ಸುಮಾರು 12ಕ್ಕೆ ಬಂತು. ತಿಂಗಳಿಗೆ ಎರಡು ವಿಡಿಯೊ ಅಂದರೆ 24 ಗಂಟೆ. ನನ್ನ ಹತ್ತಿರ ಇರುವುದು 32. ಉಳಿದ ಎಂಟು ಗಂಟೆಯನ್ನು ಬೇಕೆಂದೇ ಖಾಲಿ ಬಿಡುತ್ತೇನೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಲ್ಯಾಪ್‌ಟಾಪ್ ಕೈಕೊಡುತ್ತದೆ. ಏನೂ ಬರದಿದ್ದರೆ ಶಾರ್ಟ್ ಮತ್ತು ಬರಹ ಆ ಗಂಟೆಗಳಲ್ಲಿ ಮುಗಿಯುತ್ತವೆ.

"ವಾರ ತಪ್ಪಿದರೆ ಎಲ್ಲ ಹಾಳಾಗಲ್ವಾ?" ಅಂತ ಕೇಳುತ್ತಾರೆ. ನನ್ನನ್ನು ಕೆಡಿಸಿದ್ದೂ ಅದೇ ಭಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದರು. 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸ ಮೈಗೂಡಲು ಜನರಿಗೆ 18 ದಿನದಿಂದ 254 ದಿನದವರೆಗೆ ಬೇಕಾಗಬಹುದು ಅಂತ ಅವರ ಅಂದಾಜು, ನಡುವೆ ಬರುವುದು 66. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ: ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಅಂಥ ಪೆಟ್ಟೇನೂ ಬೀಳಲಿಲ್ಲ. ಅವತ್ತು ಜ್ವರದಲ್ಲಿ ತಪ್ಪಿದ ಒಂದು ವಿಡಿಯೊ ನನ್ನನ್ನು ನಿಲ್ಲಿಸಲಿಲ್ಲ. ಅದನ್ನು ಸಾಲ ಅಂತ ತಿಳಿದು ಮುಂದಿನ ವಾರದ ತಲೆ ಮೇಲೆ ಹೊರಿಸಿದ್ದು ನಿಲ್ಲಿಸಿತು. ಈಗ ತಪ್ಪಿದ್ದು ತಪ್ಪಿತು. ಮುಂದಿನ ವಾರಕ್ಕೆ ಅದರದೇ ಕೆಲಸ.

ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲಪ್ ಬಗ್ಗೆ ನೀವು ಕೇಳಿರಬಹುದು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಬೆಳಿಗ್ಗೆ ಐದೂವರೆಗೆ ಬರೆಯಲು ಕೂರುತ್ತಿದ್ದ, ಗಡಿಯಾರ ಎದುರಿಗಿಟ್ಟು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಒಟ್ಟು 47 ಕಾದಂಬರಿ. ಎಲ್ಲರೂ ಹೇಳುವುದು ಇಷ್ಟೇ, ಕೇಳಿದವರಿಗೆ ಹೆದರಿಕೆಯಾಗುತ್ತದೆ. ಅವನು ತೀರಿಕೊಂಡ ಮೇಲೆ, 1883ರಲ್ಲಿ ಬಂದ ಆತ್ಮಕಥೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ವಾರಕ್ಕೆ ಅವನ ಗುರಿ ಸರಾಸರಿ 40 ಪುಟ. ಆದರೆ ಅದು 20ಕ್ಕೂ ಇಳಿದಿತ್ತು, 112ಕ್ಕೂ ಏರಿತ್ತು. ಅಷ್ಟು ಕಟ್ಟುನಿಟ್ಟಿನ ಮನುಷ್ಯನೂ ಆಯಾ ಸಮಯಕ್ಕೆ ತಕ್ಕಂತೆ ಗುರಿಯನ್ನೇ ಬದಲಿಸುತ್ತಿದ್ದ! ಬರೆದಿಡುವುದನ್ನು ಮಾತ್ರ ಬಿಡಲಿಲ್ಲ. ದಿನಕ್ಕೆ ಎಷ್ಟು ಪುಟ ಅಂತ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ತಿಂಗಳ ಮೊದಲ ದಿನ ನಾನೂ ಕ್ಯಾಲೆಂಡರ್ ನೋಡಿ ಆ ತಿಂಗಳ ಸಂಖ್ಯೆ ಹಾಕುತ್ತೇನೆ. ಕೆಲವು ತಿಂಗಳು ಎರಡು, ಕೆಲವು ತಿಂಗಳು ಒಂದೇ.

ಜಾಸ್ತಿ ಮಾಡಿದರೆ ಗುಣಮಟ್ಟ ಬೀಳುತ್ತದೆಯೇ? ಬೀಳಬಹುದು, ನನಗೆ ಬಿದ್ದಿದೆ. ಅಳತೆಯೇ ಗುರಿಯಾದರೆ ಆ ಅಳತೆ ಕೆಟ್ಟುಹೋಗುತ್ತದೆ ಅನ್ನುವ ಮಾತಿಗೆ ಗುಡ್‌ಹಾರ್ಟ್ ನಿಯಮ ಅಂತ ಹೆಸರು. 1975ರಲ್ಲಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಮುಂದೆ ಆ ರೂಪ ಪಡೆಯಿತು. ಒಂದು ತಿಂಗಳು ನಾನು ವಾರಕ್ಕೆ ನಾಲ್ಕು ಶಾರ್ಟ್ ಅಂತ ಇಟ್ಟುಕೊಂಡೆ. ಸಂಖ್ಯೆ ತುಂಬಿಸುವ ಅವಸರದಲ್ಲಿ ಕೆಂಪಗೆ ಹೊಳೆಯುವ ಜ್ಯೇಷ್ಠಾ ನಕ್ಷತ್ರವನ್ನು ತೋರಿಸಿ ಮಂಗಳ ಗ್ರಹ ಅಂದುಬಿಟ್ಟೆ. ಅದರ ಗ್ರೀಕ್ ಹೆಸರು ಆಂಟಾರಿಸ್, ಅರ್ಥವೇ ಮಂಗಳನ ಎದುರಾಳಿ. ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ ಅಂತ ಹೆಸರಲ್ಲೇ ಎಚ್ಚರಿಕೆ ಇದ್ದಂತೆ. ನೋಡುಗರೊಬ್ಬರು ತಿದ್ದಿದರು, ನಾನು ವಿಡಿಯೊ ತೆಗೆದು ಕ್ಷಮೆ ಕೇಳಿದೆ. ನನ್ನನ್ನು ನಂಬಿ ಆವತ್ತು ರಾತ್ರಿ ಮಕ್ಕಳಿಗೆ ಅದನ್ನೇ ಮಂಗಳ ಅಂತ ತೋರಿಸಿದವರು ಎಷ್ಟು ಜನವೋ. ಅದು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ನನ್ನ ಹಾಳೆಯಲ್ಲಿ "ಮುಗಿಯಿತು" ಅಂತ ಗೀಟು ಬೀಳಬೇಕಾದರೆ ಮೊದಲು ಪ್ರತಿ ಸಂಗತಿಯನ್ನೂ ಎರಡು ಕಡೆ ನೋಡಿ ಖಾತ್ರಿ ಮಾಡಿರಬೇಕು. ಅದಕ್ಕೆ ಹಿಡಿಯುವ ಮುಕ್ಕಾಲು ಗಂಟೆಯೂ ಆ ಹನ್ನೆರಡರ ಒಳಗೇ ಇದೆ.

ಗುರಿಯನ್ನು ಎಲ್ಲರ ಮುಂದೆ ಹೇಳಬೇಕಾ ಅಂತಲೂ ಕೆಲವರು ಕೇಳುತ್ತಾರೆ. ನಾನು ಹೇಳುವುದಿಲ್ಲ. ಒಬ್ಬ ಗೆಳತಿಗೆ ಭಾನುವಾರ ಹಾಳೆಯ ಫೋಟೊ ಕಳಿಸುತ್ತೇನೆ, ಅವಳು ತನ್ನದು ಕಳಿಸುತ್ತಾಳೆ. ಅವಳದು ಪಾಡ್‌ಕಾಸ್ಟ್. ಖಾಲಿ ಹಾಳೆ ಬಂದರೂ ಇಬ್ಬರೂ ಏನೂ ಅನ್ನುವುದಿಲ್ಲ.

ಆ 52ರ ವರ್ಷ ಕೊನೆಗೆ ಆದದ್ದು 14 ವಿಡಿಯೊ. ಮರುವರ್ಷ 24 ಅಂತ ಇಟ್ಟುಕೊಂಡಿದ್ದೆ, 23 ಆಯಿತು. ಈ ತಿಂಗಳು ಕೆಲಸ ಜಾಸ್ತಿ, ಹಾಗಾಗಿ ಒಂದೇ. ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳನ್ನು ಬೈನಾಕ್ಯುಲರ್‌ನಲ್ಲಿ ಹುಡುಕುವುದು ಹೇಗೆ ಅಂತ. ನಿನ್ನೆ ರಾತ್ರಿ ಅದರ ಮೂರು ವಾಕ್ಯ ಬರೆದೆ, ಎರಡನ್ನು ಇವತ್ತು ಹೊಡೆದುಹಾಕಬೇಕು. ನಿಮ್ಮ ಗಂಟೆಗಳನ್ನು ಒಂದು ತಿಂಗಳು ಬರೆದಿಟ್ಟ ಮೇಲೆ ಯಾವ ಸಾಲಿನಲ್ಲಿ ಸಮಯ ಸೋರುತ್ತಿದೆ ಅಂತ ನನಗೂ ತಿಳಿಸಿ. ಸಂಖ್ಯೆಯ ಮಾತು ಆಮೇಲೆ ಆಡೋಣ.