ಹಳ್ಳದಲ್ಲಿ ಈಗ ಪಲ್ಪರ್ ನೀರು

ಜನವರಿಯ ಎರಡನೇ ಶನಿವಾರ ಬೆಳಗ್ಗೆ ಹಾಸನ ಬಿಟ್ಟೆ. ಬೇಲೂರಲ್ಲಿ ಇಡ್ಲಿ ತಿಂದು ಮೂಡಿಗೆರೆ ಬಸ್ ಹತ್ತುವಾಗ ಇನ್ನೂ ಮಂಜು ಕರಗಿರಲಿಲ್ಲ. ಅತ್ತೆ ಮನೆ ಮೂಡಿಗೆರೆಯಿಂದ ಸ್ವಲ್ಪ ಒಳಗೆ, ಹಳ್ಳದ ಪಕ್ಕ. ಚಿಕ್ಕವನಿದ್ದಾಗ ಬೇಸಿಗೆ ರಜೆ ಬಂದರೆ ನಾನು ಆ ಹಳ್ಳದಲ್ಲೇ ಇರುತ್ತಿದ್ದೆ, ಕಲ್ಲು ಎತ್ತೋದು, ಏಡಿ ಹಿಡಿಯೋದು, ಸಾಯಂಕಾಲ ಅತ್ತೆ ಕೂಗೋವರೆಗೂ ಮನೆ ನೆನಪೇ ಇರುತ್ತಿರಲಿಲ್ಲ.

ಈ ಸಲ ಹಳ್ಳಕ್ಕೆ ಹೋಗಿ ಬರ್ತೀನಿ ಅಂದ ಕೂಡಲೇ ಅತ್ತೆ ತಡೆದರು. "ಬೇಡ ಕಣೋ, ಪಲ್ಪರ್ ನೀರು ಬರ್ತಿದೆ. ಕಾಲು ಕಡಿತ ಹತ್ಕೊಳ್ಳುತ್ತೆ." ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ, ಅದರ ಕೊಳಕು ನೀರು ಹಳ್ಳಕ್ಕೆ ಬರೋದು. ಹಸು ಕೂಡ ಮೂತಿ ಇಟ್ಟು ವಾಪಸ್ ಬರುತ್ತಂತೆ.

ಆದರೂ ಭಾವನ ಜೊತೆ ಹೋದೆ. ನೀರು ಕಾಣೋ ಮೊದಲೇ ವಾಸನೆ ಬಂತು, ಮೂರು ದಿನ ಮರೆತುಬಿಟ್ಟ ದೋಸೆ ಹಿಟ್ಟಿನ ಥರ ಹುಳಿ ವಾಸನೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಆಳ ಇದ್ದ ಕಡೆ ಪೂರ್ತಿ ಕಪ್ಪು. ಕಲ್ಲಿನ ಸಂದಿಯಲ್ಲಿ ಕಂದು ನೊರೆ ನಿಂತಿತ್ತು. ಬಂಡೆ ಮೇಲೆ ಬಿಸಿಲಲ್ಲಿ ಒಂದು ಏಡಿ ಕೂತಿತ್ತು. ಚಿಕ್ಕವನಿದ್ದಾಗ ನಮ್ಮ ನೆರಳು ಬಿದ್ದರೆ ಸಾಕು, ಏಡಿಗಳು ಪುಳಕ್ಕನೆ ನೀರಿಗೆ ಜಾರುತ್ತಿದ್ದವು. ಇದು ಒಂದು ಗೇಣು ದೂರ ಕೈ ತಂದರೂ ನೀರಿಗೆ ಇಳಿಯಲಿಲ್ಲ. ನನಗೆ ನಿಜವಾಗಲೂ ಸಂಕಟ ಆಯ್ತು.

ವಾಪಸ್ ಬರುವಾಗ ಭಾವ ಗಿಡದಿಂದ ಒಂದು ಕಾಫಿ ಹಣ್ಣು ಕಿತ್ತು ಹಿಸುಕಿದರು. ಎರಡು ಬೀಜ ಹೊರಗೆ ಜಾರಿದವು. ಬೆರಳಿಗೆ ಲೋಳೆ ಅಂಟಿತು. "ನೆಕ್ಕಿ ನೋಡು" ಅಂದರು. ಸಿಹಿ. ಆ ಸಿಹಿಯೇ ಹಳ್ಳವನ್ನು ಕೊಲ್ಲೋದು. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದ ನೀರಲ್ಲಿ ಸಕ್ಕರೆ ತುಂಬಾ ಇರುತ್ತೆ. ಅದು ಹುಳಿ ಬರುತ್ತೆ. ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಆ ಸಕ್ಕರೆ ತಿಂದು ಬೆಳೆಯುತ್ತಾ ನೀರಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನಿಗೂ ಏಡಿಗೂ ಉಸಿರಾಡೋಕೆ ಏನೂ ಉಳಿಯಲ್ಲ. ಮಳೆಗಾಲದಲ್ಲಾದರೆ ಹರಿವು ಜಾಸ್ತಿ, ಹೇಗೋ ಕೊಚ್ಚಿಕೊಂಡು ಹೋಗುತ್ತಿತ್ತು. ಆದರೆ ಕುಯ್ಲು ಜೋರಾಗಿ ನಡೆಯೋದು ಹಳ್ಳ ಸೊರಗಿರೋ ಈ ತಿಂಗಳುಗಳಲ್ಲೇ ಅಲ್ವಾ? ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ನಮ್ಮ ರಾಜ್ಯದ್ದು. ಎಷ್ಟು ಹಳ್ಳಗಳಿಗೆ ಹೀಗಾಗಿರಬಹುದು ಅಂತ ಲೆಕ್ಕ ಹಾಕೋಕೂ ಭಯ ಆಗುತ್ತೆ.

ಭಾವನದು ನಾಲ್ಕೇ ಎಕರೆ. ಅವರು ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡ್ತಾರೆ, ಅದಕ್ಕೆ ನೀರು ಬೇಡ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಬೀಜಕ್ಕೆ ಪಾರ್ಚ್‌ಮೆಂಟ್ ಅಂತಾರೆ, ಅದಕ್ಕೆ ರೇಟು ಜಾಸ್ತಿ, ಹಾಗಾಗಿ ಪಲ್ಪರ್ ಇಡೋದು ತಪ್ಪು ಅಂತ ನಾನು ಹೇಳಲ್ಲ. ಗುಂಡಿ ತೋಡಿ, ಸುಣ್ಣ ಹಾಕಿ ಹುಳಿ ತಗ್ಗಿಸಿ, ನೀರನ್ನು ಕೊಳೆಯಲು ಬಿಟ್ಟು ಆಮೇಲೆ ಹೊರಗೆ ಬಿಡೋ ದಾರಿ ಇದೆ. ಕಮ್ಮಿ ನೀರಲ್ಲಿ ನಡೆಯೋ ಪಲ್ಪರ್‌ಗಳೂ ಬಂದಿವೆ. ಮೇಲಿನ ದೊಡ್ಡ ತೋಟದಲ್ಲಿ ಗುಂಡಿ ಇದೆಯಂತೆ, ತುಂಬಿದ ಮೇಲೆ ರಾತ್ರಿ ಹೊತ್ತು ಹಳ್ಳಕ್ಕೆ ಬಿಡ್ತಾರೆ. ಭಾವ ಎರಡು ಸಲ ಹೋಗಿ ಕೇಳಿದ್ದಾರೆ. ಎರಡು ಸಲವೂ ಆ ತೋಟದ ಲೆಕ್ಕ ನೋಡೋ ರೈಟರು "ನೋಡೋಣ" ಅಂದಿದ್ದಾರೆ ಅಷ್ಟೇ.

ಭಾನುವಾರ ಜಾವಳಿಗೆ ಹೋದೆವು, ಹೇಮಾವತಿ ಹುಟ್ಟೋ ಜಾಗ. ಕೊಳದ ನೀರಲ್ಲಿ ತಳದ ಕಲ್ಲು ಕಾಣುತ್ತಿತ್ತು. ಇಲ್ಲಿಂದ ಸಕಲೇಶಪುರ ದಾಟಿ ಗೊರೂರು ಅಣೆಕಟ್ಟು, ಅಲ್ಲಿಂದ ಮುಂದೆ ಕಾವೇರಿ, ಒಟ್ಟು ಸುಮಾರು 245 ಕಿಲೋಮೀಟರ್ ಹರಿಯೋ ನದಿ. ಅತ್ತೆ ಮನೆ ಹಳ್ಳವೂ ಇದನ್ನೇ ಸೇರೋದು. ಹಾಸನದಲ್ಲಿ ನಾವು ಕುಡಿಯೋದೂ ಹೇಮಾವತಿ ನೀರೇ. ಅದು ಶುದ್ಧವಾಗಿ ನಲ್ಲಿಗೆ ಬರುತ್ತೆ, ಸರಿ. ಹಳ್ಳದ ಪಕ್ಕ ಇರೋರಿಗೆ ಆ ನಲ್ಲಿ ಎಲ್ಲಿದೆ?

ಹೊರಡುವಾಗ ಭಾವ ಒಂದು ಕೆಲಸ ಹೇಳಿದರು. ಹುಳಿ ಎಷ್ಟಿದೆ ಅಂತ ನೋಡೋ ಪಿಎಚ್ ಕಾಗದ ಮೂಡಿಗೆರೆಯಲ್ಲಿ ಸಿಗಲಿಲ್ಲ, ಹಾಸನದಿಂದ ಕಳಿಸು ಅಂತ. ಸೋಮವಾರವೇ ತಗೊಂಡು, ಮಂಗಳವಾರ ಮೂಡಿಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಗುರುವಾರ ರಾತ್ರಿ ಭಾವ ಫೋಟೋ ಕಳಿಸಿದರು. ಮೇಲಿನ ತೋಟದ ಮೋರಿ ಕೆಳಗೆ ಅದ್ದಿದ ಕಾಗದ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಡಬ್ಬಿ ಮೇಲಿನ ಬಣ್ಣದ ಪಟ್ಟಿಯಲ್ಲಿ ಅದು 4ರ ಹತ್ತಿರ, ಅಂದರೆ ಚೆನ್ನಾಗಿ ಹುಳಿ. ಈ ಶನಿವಾರ ಆ ಕಾಗದ ಹಿಡಿದುಕೊಂಡು ರೈಟರ ಹತ್ತಿರ ಹೋಗ್ತಾರಂತೆ. ನಾನೂ ಬರ್ತೀನಿ ಅಂದಿದ್ದೇನೆ.