ಲೈಟ್ ಸರಿಯಾಗಿತ್ತು, ಪ್ಲಗ್ ಇದ್ದ ಜಾಗ ಸರಿ ಇರಲಿಲ್ಲ

ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿದ್ದೇನೆ. ಸಾಲ್ವೆಂಟ್ ತುಂಬಿಡುವ ಟ್ಯಾಂಕ್‌ಗಳು, ಪಂಪ್‌ಗಳು, ಡ್ರಮ್ ತುಂಬುವ ಶೆಡ್, ಇಲ್ಲಿನ ಲೈಟು, ಬ್ಲೋವರು ಎಲ್ಲಾ ನಮ್ಮ ತಂಡದ ಜವಾಬ್ದಾರಿ. ಈಗ ಹೇಳುವ ಘಟನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೂ ಅದು ನೆನಪಾದರೆ ಇವತ್ತಿಗೂ ಅಂಗೈ ಬೆವರುತ್ತದೆ.

ಅವತ್ತು ಟೊಲುಯಿನ್ ಅನ್ನುವ, ಸುಲಭವಾಗಿ ಬೆಂಕಿ ಹತ್ತುವ ಸಾಲ್ವೆಂಟಿನ ಟ್ಯಾಂಕ್ ಒಂದನ್ನು ಕ್ಲೀನ್ ಮಾಡಬೇಕಿತ್ತು. ಟೊಲುಯಿನ್ ಪಂಪ್ ಮಾಡಿ ತೆಗೆದಾಗಿತ್ತು. ತಳದಲ್ಲಿ ಕೆಸರು ಉಳಿದಿತ್ತು. ಬೆಳಗ್ಗೆ 8 ಗಂಟೆಗೆ ಟ್ಯಾಂಕ್ ಸುತ್ತ ಗ್ಯಾಸ್ ಮೀಟರ್ ಹಿಡಿದು ನೋಡಿದರು, ಸೊನ್ನೆ ತೋರಿಸಿತು. ಪರ್ಮಿಟ್‌ಗೆ ಸಹಿ ಬಿತ್ತು. ಮೇಲಿನ ಮ್ಯಾನ್‌ಹೋಲ್‌ಗೆ ಬ್ಲೋವರ್ ಕೂರಿಸಿದೆವು. ಕಂಪ್ರೆಸರ್ ಗಾಳಿಯಿಂದ ತಿರುಗುವ ಬ್ಲೋವರ್ ಅದು, ಕರೆಂಟಿನ ಮಾತೇ ಇಲ್ಲ. ಮೇಲಿಂದ ಹೊಸ ಗಾಳಿ ನುಗ್ಗಿಸುವುದು, ಕೆಳಗಿನ ಮ್ಯಾನ್‌ಹೋಲ್‌ನಿಂದ ಹಳೆಯ ಗಾಳಿ ಹೊರಗೆ ಹೋಗುವುದು, ಇದು ನಮ್ಮ ಲೆಕ್ಕ. ಕೆಸರು ಎಷ್ಟಿದೆ ಅಂತ ನೋಡಲು ಮೇಲಿಂದಲೇ ಒಂದು ಎಫ್‌ಎಲ್‌ಪಿ (ಫ್ಲೇಮ್‌ಪ್ರೂಫ್) ಹ್ಯಾಂಡ್ ಲ್ಯಾಂಪ್ ಇಳಿಬಿಟ್ಟೆವು. 24 ವೋಲ್ಟ್ ಲ್ಯಾಂಪ್. ಅದರ ಟ್ರಾನ್ಸ್‌ಫಾರ್ಮರ್ ಟ್ಯಾಂಕ್ ಹೊರಗೆ, ನೆಲದ ಮೇಲೆ, ಕೆಳಗಿನ ಮ್ಯಾನ್‌ಹೋಲ್‌ನಿಂದ ಐದಾರು ಹೆಜ್ಜೆ ದೂರದಲ್ಲಿತ್ತು. ಅದನ್ನು ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಚುಚ್ಚಿದ್ದೆವು. ಟ್ರಾನ್ಸ್‌ಫಾರ್ಮರ್ ಹೊರಗಿರಬೇಕು ಅನ್ನುವ ನಿಯಮ ಪಾಲಿಸಿದ್ದೇವೆ ಅಂತ ನನಗೆ ಸಮಾಧಾನ ಇತ್ತು.

ಸುಮಾರು ಎರಡು ಗಂಟೆ ಕಳೆದ ಮೇಲೆ ನಮ್ಮ ಹೆಲ್ಪರ್ ಹುಡುಗ, "ಸಾರ್, ಬೋರ್ಡ್ ಹತ್ರ ಕೂತ್ರೆ ವಾಸನೆ ಜಾಸ್ತಿ ಬರ್ತಿದೆ, ನಿಂತ್ರೆ ಅಷ್ಟಿಲ್ಲ" ಅಂದ. ಮೀಟರ್ ತೆಗೆದುಕೊಂಡು ಹೋದೆ. ಸೊಂಟದ ಮಟ್ಟದಲ್ಲಿ ಹಿಡಿದಾಗ 4 ಪರ್ಸೆಂಟ್ ಎಲ್‌ಇಎಲ್, ಅಂದರೆ ಬೆಂಕಿ ಹತ್ತಲು ಬೇಕಾದ ಕನಿಷ್ಠ ಆವಿಯಲ್ಲಿ ನೂರಕ್ಕೆ 4 ಭಾಗ. ಮಂಡಿಯೂರಿ ಬೋರ್ಡ್ ಪಕ್ಕ ನೆಲಕ್ಕೆ ತಂದೆ. 41. ಅಲಾರಂ ಕಿರುಚಿತು. ಹುಡುಗ ಗಾಬರಿಯಾಗಿ ಪ್ಲಗ್ ಕೀಳಲು ಕೈ ಚಾಚಿದ. "ಮುಟ್ಬೇಡ!" ಅಂತ ನಾನು ಕೂಗಿದ ಕೂಗು ನನಗೇ ಗುರುತು ಸಿಗಲಿಲ್ಲ.

ಉರಿಯುತ್ತಿರುವ ಲ್ಯಾಂಪಿನ ಪ್ಲಗ್ ಕಿತ್ತರೆ ಪಿನ್ ಬಿಡುವಾಗ ಕಿಡಿ ಹಾರುತ್ತದೆ. ಮನೆಯಲ್ಲಿ ಅದು ಕಣ್ಣಿಗೂ ಬೀಳದ ಚಿಕ್ಕ ಕಿಡಿ. ಟೊಲುಯಿನ್ ಆವಿಗೆ ಅಷ್ಟೇ ಸಾಕು. ಎಲ್ಲರನ್ನೂ ಗಾಳಿ ಬೀಸಿ ಬರುತ್ತಿದ್ದ ಕಡೆಗೆ ಕಳಿಸಿದೆ. ಬ್ಲೋವರಿನ ಗಾಳಿ ವಾಲ್ವ್ ಮುಚ್ಚಿದೆ. ಆಮೇಲೆ ಪ್ಯಾನೆಲ್ ರೂಮಿಗೆ ಓಡಿ ಬ್ರೇಕರ್ ಇಳಿಸಿದೆ. ಆ ಪ್ಲಗ್ ಅನ್ನು ಮುಟ್ಟಿದ್ದು ಮೀಟರ್ ಮತ್ತೆ ಸೊನ್ನೆಗೆ ಬಂದ ಮೇಲೆಯೇ.

ಆದದ್ದು ಇಷ್ಟೇ. ಟೊಲುಯಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಗಾಳಿಯಲ್ಲಿ 1.1 ಪರ್ಸೆಂಟ್ ಸೇರಿದರೆ ಬೆಂಕಿ ಹತ್ತುವ ಮಟ್ಟ ಶುರು, ಸುಮಾರು 7 ಪರ್ಸೆಂಟ್‌ವರೆಗೂ ಉರಿಯುತ್ತದೆ. ಮೀಟರಿನ 41 ಅಂದರೆ ಆ 1.1ರಲ್ಲಿ ನೂರಕ್ಕೆ 41 ಭಾಗ ಆಗಲೇ ಸೇರಿತ್ತು. ನಮ್ಮ ಬ್ಲೋವರ್ ಟ್ಯಾಂಕಿನ ಆವಿಯನ್ನು ಕೆಳಗಿನ ಬಾಯಿಂದ ಹೊರಗೆ ತಳ್ಳುತ್ತಿತ್ತು. ಅದು ನೀರಿನ ಹಾಗೆ ನೆಲ ಹಿಡಿದು ಹರಿದು, ತಗ್ಗಿನಲ್ಲಿದ್ದ ಬೋರ್ಡ್ ಸುತ್ತ ನಿಂತಿತ್ತು. ಬೆಳಗ್ಗೆ ಬಂದ ಸೊನ್ನೆ ಸುಳ್ಳಲ್ಲ. ಅದು ಬ್ಲೋವರ್ ಶುರುವಾಗುವ ಮುಂಚಿನ ಸೊನ್ನೆ, ಅಷ್ಟೇ.

ಅಲ್ಲಿಯವರೆಗೆ ನಾವು ಲೈಟನ್ನು ಎಲೆಕ್ಟ್ರಿಕಲ್ ಕೆಲಸ, ಬ್ಲೋವರನ್ನು ಮೆಕ್ಯಾನಿಕಲ್ ಕೆಲಸ ಅಂತ ಬೇರೆ ಬೇರೆ ಚೀಟಿಯಲ್ಲಿ ಬರೆಯುತ್ತಿದ್ದೆವು. ಅವತ್ತಿನಿಂದ ಎರಡೂ ಒಂದೇ ಚೀಟಿ. ಬ್ಲೋವರ್ ಇಟ್ಟ ಕ್ಷಣದಿಂದ ಅಪಾಯದ ಜಾಗ ಟ್ಯಾಂಕ್ ಒಳಗೆ ಮಾತ್ರ ಇರುವುದಿಲ್ಲ, ಗಾಳಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅದೂ ಹೋಗುತ್ತದೆ. ಹಾಗಾಗಿ ವೈರಿನ ಕೊನೆ ಎಲ್ಲಿದೆ ಅಂತ ಕೇಳುವ ಮುಂಚೆ ಗಾಳಿಯ ಕೊನೆ ಎಲ್ಲಿದೆ ಅಂತ ಕೇಳಬೇಕು.

ಈಗ ನಾವು ಇಂಥ ಟ್ಯಾಂಕ್‌ಗಳಲ್ಲಿ ತಳ್ಳುವುದಿಲ್ಲ, ಎಳೆಯುತ್ತೇವೆ. ಡಕ್ಟ್ (ಗಾಳಿ ಸಾಗಿಸುವ ದಪ್ಪ ಕೊಳವೆ) ಬಾಯಿಯನ್ನು ತಳಕ್ಕೆ ಹತ್ತಿರ ಇಳಿಸಿ ಭಾರದ ಆವಿಯನ್ನು ಅಲ್ಲಿಂದಲೇ ಹೀರಿ, ಕೆಲಸದ ಜಾಗದಿಂದ ದೂರಕ್ಕೆ, ಎತ್ತರಕ್ಕೆ ಒಯ್ದು ಬಿಡುತ್ತೇವೆ. ಹೊಸ ಗಾಳಿ ಎದುರಿನ ಮ್ಯಾನ್‌ಹೋಲ್‌ನಿಂದ ತಾನಾಗಿ ಒಳಗೆ ಬರುತ್ತದೆ. ಡಕ್ಟ್ ಬಾಯಿ ಆ ಮ್ಯಾನ್‌ಹೋಲ್ ಪಕ್ಕದಲ್ಲೇ ಇದ್ದರೆ ಮಾತ್ರ ಎಲ್ಲಾ ವ್ಯರ್ಥ. ಬಂದ ಗಾಳಿ ಸೀದಾ ಡಕ್ಟ್ ಸೇರಿಬಿಡುತ್ತದೆ, ಮೂಲೆಯ ಆವಿ ಅಲ್ಲಾಡುವುದೂ ಇಲ್ಲ. ಬ್ಲೋವರ್ ಶಬ್ದ ಕೇಳಿ "ಗಾಳಿ ಚೆನ್ನಾಗಿ ಆಡ್ತಿದೆ" ಅಂದುಕೊಳ್ಳುತ್ತೇವೆ, ಅಲ್ವಾ? ಡಕ್ಟ್‌ನ ಪ್ರತಿ ತಿರುವೂ ಗಾಳಿಯನ್ನು ತಿನ್ನುತ್ತದೆ, ಬ್ಲೋವರ್ ಮೇಲೆ ಬರೆದ ಅಂಕಿ ಡಕ್ಟ್ ತುದಿಯಲ್ಲಿ ಸಿಗುವುದಿಲ್ಲ.

ಎಳೆಯುವಾಗ ಇನ್ನೊಂದು ಗಮನ ಬೇಕು. ಗಟ್ಟಿ ಆವಿಯೆಲ್ಲ ಬ್ಲೋವರಿನ ಹೊಟ್ಟೆಯೊಳಗೇ ಹಾದು ಹೋಗುತ್ತದೆ. ಅದರ ರೆಕ್ಕೆ ಅಲ್ಯೂಮಿನಿಯಂ ಇದ್ದು, ಬೇರಿಂಗ್ ಸವೆದು, ತುಕ್ಕು ಹಿಡಿದ ಕಬ್ಬಿಣಕ್ಕೆ ಉಜ್ಜಿದರೆ ತುಂಬಾ ಬಿಸಿಯಾದ ಕಿಡಿ ಬರುತ್ತದೆ. ಡಕ್ಟ್ ಸುಮ್ನೆ ಪ್ಲಾಸ್ಟಿಕ್ ಆಗಿದ್ದರೆ ಗಾಳಿ ಓಡಿ ಓಡಿ ಸ್ಟ್ಯಾಟಿಕ್ ಕೂಡುತ್ತದೆ. ಆಂಟಿಸ್ಟ್ಯಾಟಿಕ್ ಡಕ್ಟ್ ತಂದು, ಅದರ ಸುರುಳಿ ತಂತಿ, ಬ್ಲೋವರ್, ಟ್ಯಾಂಕ್ ಮೂರನ್ನೂ ಜೋಡಿಸಿ ಅರ್ಥ್ ಮಾಡಬೇಕು. ಒಮ್ಮೆ ನಾನೇ ಮಲ್ಟಿಮೀಟರ್ ಇಟ್ಟು ನೋಡಿದೆ, ಕಂಟಿನ್ಯೂಟಿ ಇಲ್ಲ. ಕ್ಲಿಪ್ ಬಿಗಿಯಾಗಿ ಕಚ್ಚಿತ್ತು, ಆದರೆ ದಪ್ಪ ಪೇಂಟ್ ಮೇಲೆ. ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಕಚ್ಚಿಸಿದ ಮೇಲೆ ಬೀಪ್ ಬಂತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ.

ಲ್ಯಾಂಪಿನಲ್ಲೂ ಅವತ್ತು ತಪ್ಪಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಆವಿ ತುಂಬಿದ ಟ್ಯಾಂಕಿನ ಒಳಭಾಗ ಝೋನ್ 0, ಅಂದರೆ ಸ್ಫೋಟಕ ಆವಿ ಸದಾ ಇರುವ ಜಾಗ. ಮಾಮೂಲಿ ಎಫ್‌ಎಲ್‌ಪಿ ಲ್ಯಾಂಪ್ ಝೋನ್ 1 ಮತ್ತು 2ಕ್ಕೆ, ಆವಿ ಆಗಾಗ ಅಥವಾ ಅಪರೂಪಕ್ಕೆ ಬರುವ ಜಾಗಗಳಿಗೆ. ಗ್ಯಾಸ್ ಹೋಗುವ ಮುಂಚೆ ಅದನ್ನು ಒಳಗೆ ಇಳಿಸಲೇಬಾರದಿತ್ತು. ಈಗ ಮೊದಲು ನೋಡಲೇಬೇಕು ಅಂದರೆ ಝೋನ್ 0ಗೆ ಸರ್ಟಿಫಿಕೇಟ್ ಇರುವ ಬ್ಯಾಟರಿ ಟಾರ್ಚ್ ಮಾತ್ರ. ಅದರಲ್ಲಿ ಕಿಡಿ ಹುಟ್ಟಿದರೂ ಆವಿಗೆ ಬೆಂಕಿ ಹಚ್ಚುವಷ್ಟು ಶಕ್ತಿ ಇರುವುದಿಲ್ಲ.

ಎಫ್‌ಎಲ್‌ಪಿ ಅಂದರೆ ಗ್ಯಾಸ್ ಒಳಗೆ ಹೋಗದ ಪೆಟ್ಟಿಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಗ್ಯಾಸ್ ಒಳಗೆ ಹೋಗುತ್ತದೆ. ಒಳಗೆ ಸಿಡಿಯಲೂಬಹುದು. ಆ ಸಿಡಿತವನ್ನು ಪೆಟ್ಟಿಗೆ ತಡೆದುಕೊಳ್ಳಬೇಕು. ಮುಚ್ಚಳ ಮತ್ತು ಪೆಟ್ಟಿಗೆ ಸೇರುವ ಅಗಲವಾದ ನುಣುಪು ಅಂಚಿನ ಸಣ್ಣ ಸಂದಿಯಲ್ಲಿ ಹೊರಬರುವಷ್ಟರಲ್ಲಿ ಬಿಸಿ ಗಾಳಿ ತಣ್ಣಗಾಗಿರಬೇಕು. 1815ರಲ್ಲಿ ಹಂಫ್ರಿ ಡೇವಿ ಗಣಿ ಕೆಲಸಗಾರರ ದೀಪಕ್ಕೆ ತಂತಿ ಜಾಲರಿ ಸುತ್ತಿದ್ದೂ ಇದೇ ಕಾರಣಕ್ಕೆ. ಜ್ವಾಲೆಯ ಬಿಸಿಯನ್ನು ಲೋಹ ಹೀರಿಕೊಳ್ಳಲಿ ಅಂತ.

ಆ ಘಟನೆಯ ಮಾರನೇ ವಾರ ಸ್ಟೋರಿನಲ್ಲಿದ್ದ ಲ್ಯಾಂಪ್‌ಗಳನ್ನೆಲ್ಲ ಬೆಂಚ್ ಮೇಲೆ ಬಿಚ್ಚಿದೆವು. ಒಂದರಲ್ಲಿ ಬೋಲ್ಟ್ ಇಲ್ಲ. ಇನ್ನೊಂದರ ಅಂಚಿಗೆ ಯಾರೋ ಮಳೆ ನೀರು ಹೋಗಬಾರದು ಅಂತ ಸಿಲಿಕೋನ್ ಬಳಿದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಅಂಟು ಗಟ್ಟಿಯಾಗಿ ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿತ್ತು. ಆ ಕೂದಲೆಳೆಯಲ್ಲೇ ಇಡೀ ಲೆಕ್ಕ ಇರುವುದು. ಮತ್ತೊಂದರಲ್ಲಿ ಬಳಸದ ಕೇಬಲ್ ತೂತಿಗೆ ಪ್ಲಾಸ್ಟಿಕ್ ಮುಚ್ಚಳ ಒತ್ತಿದ್ದರು. ಅಲ್ಲಿ ಸರ್ಟಿಫೈಡ್ ಲೋಹದ ಪ್ಲಗ್ಗೇ ಆಗಬೇಕು. ಸರಿಯಿಲ್ಲದ್ದನ್ನೆಲ್ಲ ಕೆಂಪು ಟ್ಯಾಗ್ ಕಟ್ಟಿ ಪಕ್ಕಕ್ಕಿಟ್ಟೆವು. ಲ್ಯಾಂಪ್ ಮೇಲೆ ಐಪಿ 65 ಅಂತ ಬರೆದಿದ್ದರೆ ಅದು ಧೂಳು, ನೀರಿನ ಮಾತು. ಸ್ಫೋಟಕ್ಕೂ ಅದಕ್ಕೂ ಸಂಬಂಧ ಇಲ್ಲ. ನೋಡಬೇಕಾದ್ದು ಝೋನ್, ಗ್ಯಾಸ್ ಗ್ರೂಪ್ (ಯಾವ ಬಗೆಯ ಗ್ಯಾಸಿಗೆ), ಟಿ ಕ್ಲಾಸ್ (ಎಷ್ಟು ಬಿಸಿಯಾಗಬಹುದು). ಟಿ4 ಅಂದರೆ ಅದರ ಮೈ 135 ಡಿಗ್ರಿ ಮೀರುವುದಿಲ್ಲ, ಟಿ6 ಅಂದರೆ 85.

ಮೀಟರ್ ಬಗ್ಗೆ ಎರಡು ಮಾತು. ಉರಿಯುವ ಗ್ಯಾಸ್ ನೋಡುವ ಮಾಮೂಲಿ ಸೆನ್ಸರ್ ಕೆಲಸ ಮಾಡಲು ಆಮ್ಲಜನಕ ಬೇಕು. ಆವಿ ವಿಪರೀತ ಗಟ್ಟಿಯಾಗಿದ್ದರೆ, ಅಥವಾ ಟ್ಯಾಂಕಿಗೆ ನೈಟ್ರೋಜನ್ ಬಿಟ್ಟಿದ್ದರೆ, ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಅದಕ್ಕೇ ಮೊದಲು ಆಮ್ಲಜನಕ ನೋಡಿ, ಆಮೇಲೆ ಎಲ್‌ಇಎಲ್. ಮೇಲೆ, ಮಧ್ಯೆ, ತಳದಲ್ಲಿ, ಮೂರೂ ಕಡೆ. ಮೀಥೇನ್‌ಗೆ ಹೊಂದಿಸಿದ ಮೀಟರ್ ಟೊಲುಯಿನ್‌ಗೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಅನ್ನುವುದೂ ಗೊತ್ತಿರಲಿ. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆದದ್ದು. 10 ಪರ್ಸೆಂಟ್ ಎಲ್‌ಇಎಲ್ ಕೆಳಗಿದ್ದರೆ ಬೆಂಕಿಯ ಮಟ್ಟಿಗೆ ಸರಿ ಅಂತೀವಿ. ಟೊಲುಯಿನ್‌ನಲ್ಲಿ ಆ 10 ಪರ್ಸೆಂಟ್ ಅಂದರೆ 1100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1100 ಭಾಗ). ಉಸಿರಾಟದ ಮಟ್ಟಿಗೆ 500 ಪಿಪಿಎಂ ಆದರೇ ಜೀವಕ್ಕೆ ಅಪಾಯ ಅನ್ನುವ ಮಿತಿ. ಬೆಂಕಿ ಹತ್ತದ ಗಾಳಿ ಅಂದ ಮಾತ್ರಕ್ಕೆ ಉಸಿರಾಡಬಹುದಾದ ಗಾಳಿ ಅಲ್ಲ.

ಈಗ ನಮ್ಮ ಕ್ರಮ ಹೀಗಿದೆ. ಮೊದಲು ಬ್ಲೋವರ್, ಆಮೇಲೆ ಮೀಟರ್, ಕೊನೆಗೆ ಲೈಟ್. ಮುಗಿಸುವಾಗ ಉಲ್ಟಾ. ಲೈಟ್ ಆರಿ, ಜನ ಹೊರಗೆ ಬಂದ ಮೇಲೆಯೇ ಬ್ಲೋವರ್ ನಿಲ್ಲುವುದು. ಟ್ರಾನ್ಸ್‌ಫಾರ್ಮರ್, ಬೋರ್ಡ್ ಎರಡೂ ಗಾಳಿ ಬೀಸಿ ಬರುವ ಕಡೆ, ದೂರದಲ್ಲಿ, ನೆಲದಿಂದ ಎತ್ತರದಲ್ಲಿ. ಹತ್ತಿರ ಜೋಡಿಸಲೇಬೇಕಾದರೆ ಎಫ್‌ಎಲ್‌ಪಿ ಪ್ಲಗ್ ಸಾಕೆಟ್. ಒಂದು ಗ್ಯಾಸ್ ಮೀಟರ್, ಬೋರ್ಡ್ ಕೆಳಗೆ ನೆಲದ ಮೇಲೆ ಇಡೀ ದಿನ ಆನ್ ಇರುತ್ತದೆ. ಅದನ್ನು ಕಾಯುವುದು ಅದೇ ಹುಡುಗ. ಈಗ ಅವನು ಹೆಲ್ಪರ್ ಅಲ್ಲ, ಟೆಕ್ನಿಷಿಯನ್.

ಮುಂದಿನ ವಾರ ಇನ್ನೊಂದು ಟ್ಯಾಂಕ್ ತೆರೆಯಬೇಕು. ಅದರ ಒಂದು ಪಕ್ಕ ಪಂಪ್ ಶೆಡ್, ಇನ್ನೊಂದು ಪಕ್ಕ ವೆಲ್ಡಿಂಗ್ ಶಾಪ್. ಡಕ್ಟ್‌ನ ಹೊರಬಾಯಿ ಯಾವ ಕಡೆ ಇಡುವುದು ಅಂತ ನಿನ್ನೆ ಇಬ್ಬರೂ ಟ್ಯಾಂಕಿನ ಸುತ್ತ ಮೂರು ಸಲ ನಡೆದೆವು, ಇನ್ನೂ ತೀರ್ಮಾನ ಆಗಿಲ್ಲ. ಆಗುವವರೆಗೂ ಪರ್ಮಿಟ್‌ಗೆ ನನ್ನ ಸಹಿ ಇಲ್ಲ.